ಕೆಂಪು-ಹಳದಿ

ನನ್ನ ಕಸುಬು ಕೂಗುವುದು.
ಅಕ್ರಾದ ಟ್ರೋಟ್ರೋ ವ್ಯಾನಿನ ಬಾಗಿಲಿಗೆ ಜೋತುಬಿದ್ದು
ಸರ್ಕ್-ಸರ್ಕ್-ಸರ್ಕ್, ಸರ್ಕಲ್ಲಿಗೆ ಬನ್ನಿ ಎಂದು
ನಸುಕು ಐದರಿಂದ
ಕನೇಶಿ ಮಾರ್ಕೆಟ್ಟಿನ ದೀಪ ಆರುವ ತನಕ.
ಹನ್ನೊಂದು ವರ್ಷ ಗಂಟಲೇ ನನ್ನ ಅಂಗಡಿ.

ಅಂಗಡಿಯೊಳಗೆ ಎರಡು ಕಲ್ಲು, ಎಡಕ್ಕೊಂದು ಬಲಕ್ಕೊಂದು.
ತಿಂಗಳಿಗೊಮ್ಮೆ ಊದುತ್ತಿದ್ದವು.
ಉಗುಳು ನುಂಗಿದರೆ ಮೀನಿನ ಮುಳ್ಳು.
ಆಗ ಓಡುತ್ತಿದ್ದೆ, ಮಾಟಹೇಕೊ ತಿರುವಿನ ಔಷಧದಂಗಡಿಗೆ:
"ಕೆಂಪು-ಹಳದಿ, ಎರಡು."
ಹುಡುಗ ಕತ್ತರಿಯಲ್ಲಿ ಪಟ್ಟಿ ಕತ್ತರಿಸಿ
ಎರಡೇ ಎರಡು ಕ್ಯಾಪ್ಸೂಲು ಅಂಗೈಗಿಡುತ್ತಿದ್ದ
ಚಿಲ್ಲರೆ ವಾಪಸು ಕೊಡುವ ಹಾಗೆ.
ಯಾವ ಕಾಯಿಲೆಗೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
ರಾತ್ರಿಗೊಂದು, ಬೆಳಿಗ್ಗೆಗೊಂದು.
ನೋವು ತಗ್ಗಿತೋ, ಮತ್ತೆ ಬಾಗಿಲಿಗೆ ಜೋತು.

ಅರೆಪೆಟ್ಟು ತಿಂದ ಹಾವು ಬಿಲ ಸೇರಿದರೆ
ಸತ್ತಿತೆಂದು ಎಷ್ಟು ಸಲ ಹಿಗ್ಗಿದೆ!
ಅದು ಒಳಗೆ ಕೂತು
ನನ್ನ ಕೋಲಿನ ಅಳತೆ ತೆಗೆಯುತ್ತಿತ್ತು.

ಕೊನೆಗೊಂದು ಮಂಗಳವಾರ
ಡಾಕ್ಟರ್ ಜಿಫಾ ಎರಡು ಕಲ್ಲನ್ನೂ ಕಿತ್ತರು.
ಎಚ್ಚರಾದಾಗ ಬಾಯಲ್ಲಿ ಸುಟ್ಟ ಕಬ್ಬಿಣದ ರುಚಿ.
ಚಿಕ್ಕಮ್ಮ ಲಮಿಲೆ ಚೀಟಿಯ ಹಿಂದೆ ಮುಂದೆ ನೋಡುತ್ತಿದ್ದಳು.
ಪ್ಯಾರಾಸಿಟಮಾಲ್. ನೀರು. ಮತ್ತೆ ನೀರು.
"ಕತ್ತಿ ಆಡಿಸಿದ್ದಾರೆ, ಒಂದು ಆಂಟಿಬಯಾಟಿಕ್ ಬರೆದಿಲ್ಲ!
ಬಡವರ ಗಂಟಲಲ್ಲವೇ."

ಮೂರನೇ ದಿನ ಕನ್ನಡಿಗೆ ಬಾಯಿ ತೆರೆದೆ.
ಕಲ್ಲಿದ್ದ ಕಡೆಯೆಲ್ಲ ಬಿಳಿ, ದಪ್ಪ, ಹಸಿ,
ಹಳಸಿದ ಹಿಟ್ಟಿನ ಮೇಲೆ ಕಟ್ಟಿದ ಬೂಷ್ಟು.
ನನ್ನ ಉಸಿರು ನನಗೇ ನಾರಿತು.
ಕಿವಿಯೊಳಗೆ ಯಾರೋ ಮೊಳೆ ತಿರುವುತ್ತಿದ್ದರು.
ಗಾಯ ಗಂಟಲಿನದು, ಸಾಕ್ಷಿಗೆ ಕಿವಿಯೇಕೆ ಬಂತು?
ಚಿಕ್ಕಮ್ಮ ಇಣುಕಿದಳು. "ಕೀವು" ಅಂದಳು.
ಹತ್ತು ನಿಮಿಷಕ್ಕೆ ಅವಳ ಅಂಗೈಯಲ್ಲಿ
ಎರಡು ಕೆಂಪು-ಹಳದಿ.

ಬೇಡವೆನ್ನಲೂ ಗಂಟಲು ಬೇಕು.
ಕ್ಯಾಲೆಂಡರಿನ ಹಾಳೆ ಹರಿದು ಡಾಕ್ಟರ ನಂಬರು ಬರೆದೆ,
ಕೆಳಗೆ: ಮೊದಲು ಕೇಳು.

"ಅದು ಕೀವಲ್ಲ ತಾಯಿ,
ಗಾಯ ತಾನೇ ಸುತ್ತಿಕೊಂಡ ಬಟ್ಟೆ. ಕೆರೆಯಬೇಡಿ.
ಜ್ವರ ಏರಿದರೆ ಕರೆತನ್ನಿ, ನೋಡುತ್ತೇನೆ.
ಮಾತ್ರೆ ಬೇಕೆನಿಸಿದರೆ ಕೊಡುತ್ತೇನೆ,
ಕೊಟ್ಟರೆ ಪೂರ್ತಿ ಕೊಡುತ್ತೇನೆ. ಎರಡಲ್ಲ."
ಚಿಕ್ಕಮ್ಮ ಹೂಂ ಅಂದಳು.
ಒಪ್ಪಿದ ಹೂಂ ಅಲ್ಲ ಅದು.
ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿ
ಕೆಂಕೆಯ ಉಂಡೆ ಹಾಲಲ್ಲಿ ಕಿವುಚಿದಳು,
ಸಕ್ಕರೆ ಸುರಿದಳು, ಐಸು ಜಜ್ಜಿದಳು,
ತರಿ ಸಿಕ್ಕೀತೆಂದು ಬಟ್ಟೆಯಲ್ಲಿ ಸೋಸಿದಳು.
ಹುಳಿ ಕೊಂಚ ಸುಟ್ಟಿತು. ಸುಡಲಿ.
ಒಂದು ಗುಟುಕಿಗೆ ಒಂದು ಹನಿ ಕಣ್ಣೀರು,
ಮಧ್ಯಾಹ್ನದ ಹೊತ್ತಿಗೆ ಲೋಟ ಖಾಲಿ.

ಏಳನೇ ರಾತ್ರಿ
ದಿಂಬಿನ ಮೇಲೆ ಕಾಸಗಲ ಕೆಂಪು.
ಡ್ರೈವರ್ ಬುಕಾರಿ ಲುಂಗಿಯಲ್ಲೇ ಬಂದ.
ಹದಿನೈದು ಸೀಟಿನ ವ್ಯಾನು, ಪ್ರಯಾಣಿಕ ನಾನೊಬ್ಬ,
ಬಾಗಿಲಿಗೆ ಜೋತುಬಿದ್ದವಳು ಚಿಕ್ಕಮ್ಮ:
ದಾರಿ! ದಾರಿ! ದಾರಿ!
ಈ ಗಂಟಲು ನನಗೆಲ್ಲಿಂದ ಬಂತೆಂದು
ಅವತ್ತೇ ತಿಳಿದದ್ದು.

ಟಾರ್ಚು ಬಿಟ್ಟು ನೋಡಿದಾಗ ರಕ್ತ ನಿಂತಿತ್ತು.
ಬಿಳಿ ಬಟ್ಟೆ ಕಳಚುವಾಗ ಒಂದು ಎಳೆ ಹರಿದಿತ್ತು, ಅಷ್ಟೇ.
ಬೆಳಗಾಗುವ ತನಕ ಅಲ್ಲೇ ಇರಿಸಿಕೊಂಡು ಕಳಿಸಿದರು,
ಅದೇ ಚೀಟಿ: ನೀರು. ಮತ್ತೆ ನೀರು.

ಹದಿನಾರನೇ ದಿನ ಬಾಗಿಲಿಗೆ ಮರಳಿದೆ.
ಕೂಗಲಿಲ್ಲ. ತೋರುಬೆರಳು ಕೆಳಗೆ ಚಾಚಿ
ಗಾಳಿಯಲ್ಲಿ ಸುತ್ತಿದೆ, ಸುತ್ತಿದೆ, ಸುತ್ತಿದೆ.
ಸರ್ಕಲ್ಲಿನ ಗುರುತು, ಈ ಊರಿನ ಕೂಸಿಗೂ ಗೊತ್ತು.
ಜನ ಹತ್ತಿದರು.
ಮಾಟಹೇಕೊ ತಿರುವಿನಲ್ಲಿ ಔಷಧದ ಹುಡುಗ
ನನ್ನ ಕಂಡು ಕತ್ತರಿ ಎತ್ತಿದ.
ಅವನಿಗೂ ಅದೇ ಬೆರಳು, ಅದೇ ಸುತ್ತು.
ವ್ಯಾನು ನಿಲ್ಲಲಿಲ್ಲ.

ಚಿಕ್ಕಮ್ಮನ ಗಂಟಿನಲ್ಲಿ ಆ ಎರಡೂ ಇನ್ನೂ ಇವೆ.
ಕೇಳಿದರೆ,
"ಇರಲಿ ಬಿಡು, ಯಾರಿಗಾದರೂ ಬೇಕಾಗುತ್ತೆ."